ಮೊಮ್ಮಗಳೊಡನೆ ನೀರಿಗಿಳಿದುದು

ವಾಚಕ ಮಹಾಶಯರಲ್ಲಿ ಚಿಕ್ಕ ಮಕ್ಕಳುಳ್ಳ ಗೃಹಸ್ಥರು ಅನೇಕರಿರಬಹುದು. ಅಂತಹವರಿಗೆ ಉಪಯೋಗವಾದೀತೆಂಬ ಆಶೆಯಿಂದಲೂ, ನಮ್ಮ ಮನಸ್ಸಿನ ಭಾರವನ್ನು ಸ್ವಲ್ಪ ಇಳಿಸಿಕೊಳ್ಳಬೇಕೆಂಬ ಸ್ವಾರ್ಥದಿಂದಲೂ ಕಳೆದ ಬೇಸಗೆಯ ಒಂದು ಅನುಭವವನ್ನು ಇಲ್ಲಿ ನಿವೇದಿಸುತ್ತೇವೆ. ನಾವು ಮೂವತ್ತನಾಲ್ಕು ವರ್ಷಗಳ ಕಾಲ ಪ್ರೌಢಶಾಲೆಗಳಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ, ಈಗ ಮೈಸೂರಿನಲ್ಲಿ ಮಗನ ಮನೆಯಲ್ಲಿ ವಿಶ್ರಾಂತಿಯಿಂದ ಇರುವವರು. ವಿಶ್ರಾಂತಿ ಎಂಬ ಮಾತು ಪಿಂಚಣಿಯ ಕಾಗದದಲ್ಲಿ ಮಾತ್ರ ಉಂಟು. ಎರಡೂವರೆ ವರ್ಷದ ಮೊಮ್ಮಗಳಿರುವ ಮನೆಯಲ್ಲಿ ಅದಕ್ಕೆ ಅವಕಾಶವಿಲ್ಲ.

ಈ ಮೊಮ್ಮಗಳಿಗೆ ನೀರೆಂದರೆ ಪ್ರಾಣ. ಸ್ನಾನದ ಮನೆಯ ಬಾಗಿಲು ಅರ್ಧ ತೆರೆದಿದ್ದರೆ ಸಾಕು, ಅವಳು ಬಕೀಟಿನ ಬಳಿ ಕುಳಿತಿರುವಳು. ತಂಬಿಗೆಯಲ್ಲಿ ನೀರನ್ನು ಮೊಗೆಯುವುದು, ನೆಲಕ್ಕೆ ಸುರಿಯುವುದು, ಮತ್ತೆ ಮೊಗೆಯುವುದು. ಈ ಕೆಲಸದಲ್ಲಿ ಅವಳಿಗಿರುವ ಶ್ರದ್ಧೆಯನ್ನು ನಮ್ಮ ವಿದ್ಯಾರ್ಥಿಗಳಲ್ಲಿ ನಾವು ಕಂಡುದು ಅಪರೂಪ. ನಮ್ಮ ಸೊಸೆಯು ಆಸ್ಪತ್ರೆಯೊಂದರ ಮಕ್ಕಳ ವಾರ್ಡಿನಲ್ಲಿ ದಾದಿ. ಮಾತು ಕಡಿಮೆ, ನಿಶ್ಚಯ ಹೆಚ್ಚು. ಏಪ್ರಿಲ್ ತಿಂಗಳಿನ ಒಂದು ಸಂಜೆ ಆಕೆ ನಮ್ಮೆದುರಿಗೆ ಬಂದು, "ಮಾವ, ಮಗೂನ ಈಜುಕೊಳಕ್ಕೆ ಸೇರಿಸೋಣ ಅಂತಿದೀನಿ. ಚಿಕ್ಕ ಮಕ್ಕಳ ಜೊತೆಗೆ ಮನೆಯ ದೊಡ್ಡವರೊಬ್ಬರು ನೀರಿಗೆ ಇಳೀಬೇಕಂತೆ. ನನಗೆ ಬೆಳಗಿನ ಪಾಳಿ, ಇವರಿಗೆ ಆಫೀಸು. ನೀವು ಹೋಗ್ತೀರಾ?" ಎಂದು ಕೇಳಿದಳು.

ನಾವು ಉತ್ತರ ಕೊಡುವುದಕ್ಕೆ ಮುಂಚೆಯೇ ನಮ್ಮ ಮನೆಯವರು ಅಡಿಗೆಮನೆಯಿಂದ, "ಚೆನ್ನಾಯಿತು! ಕೆರೆಯ ದಡಕ್ಕೆ ಹೋದರೆ ಎರಡು ಮಾರು ಹಿಂದೆ ನಿಲ್ಲೋವರು ಇವರು. ಇವರ ಕೈಗೆ ಮಗೂನ ಕೊಟ್ಟು ನೀರಿಗೆ ಕಳಿಸ್ತೀಯೇನಮ್ಮಾ?" ಎಂದರು.

ಮಾತು ನಿಜವಾಗಿತ್ತು. ನಮಗೆ ಈಜು ಬಾರದು. ನಮ್ಮ ಹುಟ್ಟೂರಿನಲ್ಲಿ ಕೆರೆಯೂ ಇತ್ತು, ಮೆಟ್ಟಿಲಿಳಿಯುವ ಬಾವಿಗಳೂ ಇದ್ದುವು. ಓರಗೆಯ ಹುಡುಗರು ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡನ್ನೋ ಕಟ್ಟಿಕೊಂಡು, ಸೊಂಟದ ಹಗ್ಗವನ್ನು ಅಣ್ಣನ ಕೈಗೆ ಕೊಟ್ಟು ಬಾವಿಗೆ ಹಾರುತ್ತಿದ್ದರು. ಎಂಟು ದಿನಗಳಲ್ಲಿ ಹಗ್ಗವೂ ಬೇಡವಾಗುತ್ತಿತ್ತು. ನಮ್ಮ ತೀರ್ಥರೂಪರು ಮಾತ್ರ ನಮ್ಮನ್ನು ಬಿಡುತ್ತಿರಲಿಲ್ಲ. ಸ್ನಾತಕನಾದವನು ತೋಳುಗಳಿಂದ ಈಜಿ ನದಿಯನ್ನು ದಾಟಬಾರದೆಂದು ಧರ್ಮಶಾಸ್ತ್ರದಲ್ಲಿ ಹೇಳಿದೆ. ಪ್ರಾಣಾಪಾಯವನ್ನು ತಾನಾಗಿ ತಂದುಕೊಳ್ಳಬಾರದೆಂಬುದು ಅದರ ಅಭಿಪ್ರಾಯವಿರಬೇಕು. ತೀರ್ಥರೂಪರು ಅದನ್ನು ಬಾವಿಗೂ ಕೆರೆಗೂ ವಿಸ್ತರಿಸಿದರು. ನಾವು ಅದನ್ನು ನಮ್ಮ ಅಂಜಿಕೆಗೆ ಆಧಾರವಾಗಿ ಮಾಡಿಕೊಂಡೆವು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸರ ವಿನೋದಗಳ ನಡುವೆ ಜಲಕ್ರೀಡೆಗೂ ಸ್ಥಾನವಿರುವುದನ್ನು ಮುಂದೆ ಓದಿದೆವಾದರೂ, ಅದು ಅರಸರ ಮಾತೆಂದು ಬಿಟ್ಟುಬಿಟ್ಟೆವು.

ಆದರೂ ನಾವು ಅಂದು ಸೊಸೆಗೆ ಇಲ್ಲವೆನ್ನಲಿಲ್ಲ. ಅದಕ್ಕೊಂದು ಕಾರಣವುಂಟು. ೧೯೯೭ನೆಯ ಇಸವಿಯಲ್ಲಿ ನಾವು ಮಂಡ್ಯ ಜಿಲ್ಲೆಯ ಒಂದು ಹಳ್ಳಿಯ ಶಾಲೆಯಲ್ಲಿದ್ದೆವು. ಊರಿನ ಪಕ್ಕದಲ್ಲಿಯೇ ನಾಲೆ ಹರಿಯುತ್ತಿತ್ತು. ಬೇಸಗೆಯ ರಜೆಯಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗನೊಬ್ಬನು ಎಮ್ಮೆಯ ಮೈ ತೊಳೆಯಲು ಹೋಗಿ, ಕಾಲು ಜಾರಿ, ನಾಲೆಯ ಪಾಲಾದನು. ಸುದ್ದಿಯು ನಮಗೆ ತಿಳಿದೇ ಇದ್ದಿತು. ಆದರೂ ಜೂನ್ ತಿಂಗಳಿನಲ್ಲಿ ಶಾಲೆ ತೆರೆದ ದಿನ ಹಾಜರಿ ಕರೆಯುತ್ತ ಅಭ್ಯಾಸಬಲದಿಂದ ಅವನ ಹೆಸರನ್ನೂ ಕೂಗಿಬಿಟ್ಟೆವು. ತರಗತಿಯಲ್ಲಿ ಯಾರೊಬ್ಬರೂ ಮಾತನಾಡಲಿಲ್ಲ. ಅವನು ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗ. ನೀರೆಂಬ ಅರ್ಥದ 'ವಾರಿ' ಶಬ್ದವನ್ನು ಏಳು ವಿಭಕ್ತಿಗಳಲ್ಲಿಯೂ ಮೂರು ವಚನಗಳಲ್ಲಿಯೂ ಹೇಳಿ ನಮ್ಮಿಂದ ಶಹಬ್ಬಾಸ್ ಪಡೆದಿದ್ದನು. ನಾವು ಅವನಿಗೆ ಶಬ್ದವನ್ನು ಕಲಿಸಿದ್ದೆವು. ನೀರಿನಲ್ಲಿ ತೇಲುವುದನ್ನು ನಾವೂ ಕಲಿಸಲಿಲ್ಲ, ಮತ್ತೊಬ್ಬರೂ ಕಲಿಸಿರಲಿಲ್ಲ. ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಿಂದ ಆ ಹೆಸರಿನ ಮೇಲೆ ಎಳೆದ ಗೆರೆಯು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

"ಹೋಗುತ್ತೇನಮ್ಮಾ" ಎಂದೆವು. ಮನೆಯವರು ಸೌಟು ಹಿಡಿದುಕೊಂಡೇ ಹೊರಗೆ ಬಂದು ನಮ್ಮ ಮುಖವನ್ನು ನೋಡಿ, ಮರುಮಾತಾಡದೆ ಒಳಗೆ ಹೋದರು.

ಇಷ್ಟು ಎಳೆಯ ಮಗುವಿಗೆ ಈಜೇನು ಬಂದೀತೆಂಬ ಸಂಶಯವನ್ನು ಸೊಸೆಯೊಡನೆ ಆಡಿದಾಗ ಆಕೆ ತಿಳಿಸಿದ ಸಂಗತಿಗಳು ಗಮನಾರ್ಹವಾದುವು. ಅಮೆರಿಕದ ಮಕ್ಕಳ ವೈದ್ಯರ ಸಂಘವು ಹಿಂದೆ, ನಾಲ್ಕು ವರ್ಷ ತುಂಬುವವರೆಗೆ ಮಕ್ಕಳು ಈಜುಪಾಠಕ್ಕೆ ಸಿದ್ಧರಾಗಿರುವುದಿಲ್ಲವೆಂದು ಹೇಳುತ್ತಿದ್ದಿತಂತೆ. ೨೦೧೦ರಲ್ಲಿ ಆ ಅಭಿಪ್ರಾಯವನ್ನು ಸಡಿಲಿಸಿ, ೨೦೧೯ರಲ್ಲಿ, ಒಂದು ವರ್ಷ ತುಂಬಿದ ಅನೇಕ ಮಕ್ಕಳಿಗೆ ಪಾಠದಿಂದ ಮುಳುಗುವ ಅಪಾಯವು ಕಡಿಮೆಯಾಗಬಹುದೆಂದು ತಿಳಿಸಿತು. ಒಂದು ವರ್ಷದೊಳಗಿನ ಶಿಶುಗಳಿಗೆ ಅಂತಹ ಪ್ರಯೋಜನಕ್ಕೆ ಆಧಾರವಿಲ್ಲವೆಂದೂ, ಪಾಠ ಕಲಿತ ಮಗುವನ್ನು ಸಹ ನೀರಿನ ಬಳಿ ಒಂಟಿಯಾಗಿ ಬಿಡತಕ್ಕುದಲ್ಲವೆಂದೂ ಸೇರಿಸಿತು. ೨೦೨೧ರ ಒಂದೇ ವರ್ಷದಲ್ಲಿ ಪ್ರಪಂಚದಲ್ಲಿ ಸುಮಾರು ಮೂರು ಲಕ್ಷ ಜನರು ನೀರಿನಲ್ಲಿ ಮುಳುಗಿ ತೀರಿಹೋದರೆಂದೂ, ಅವರಲ್ಲಿ ಹೆಚ್ಚುಕಡಿಮೆ ಕಾಲುಭಾಗ ಐದು ವರ್ಷದೊಳಗಿನ ಮಕ್ಕಳೆಂದೂ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಕೊನೆಯಲ್ಲಿ ಸೊಸೆಯು, "ಒಂದು ಮಾತು ಮರೀಬೇಡಿ ಮಾವ. ಮುಳುಗೋ ಮಗು ಕೂಗೋದಿಲ್ಲ" ಎಂದಳು. ಆ ಮಾತನ್ನು ನಾವು ಉಳಿದ ಮಾಹಿತಿಗಳ ಜೊತೆಗೆ ಒಂದಾಗಿ ಕೇಳಿ ತಲೆದೂಗಿದೆವು.

ನಮ್ಮ ಬಡಾವಣೆಗೆ ಸಮೀಪದ ಸಾರ್ವಜನಿಕ ಈಜುಕೊಳದಲ್ಲಿ ಚಿಕ್ಕ ಮಕ್ಕಳಿಗೆ ಬೆಳಿಗ್ಗೆ ಹತ್ತು ಗಂಟೆಯ ಹೊತ್ತು ಗೊತ್ತಾಗಿತ್ತು. ಪಂಚೆಯುಟ್ಟು ಇಳಿಯುವುದಕ್ಕೆ ನಿಯಮದಲ್ಲಿ ಅವಕಾಶವಿಲ್ಲ. ಹೀಗಾಗಿ ಅರುವತ್ತೊಂದನೆಯ ವಯಸ್ಸಿನಲ್ಲಿ ನಾವು ಮಗನೊಡನೆ ಅಂಗಡಿಗೆ ಹೋಗಿ ನೈಲಾನಿನ ಚಡ್ಡಿಯನ್ನೂ ರಬ್ಬರಿನಂತೆ ತಲೆಗೆ ಅಂಟುವ ಟೋಪಿಯನ್ನೂ ಕೊಂಡೆವು. ಅಂಗಡಿಯವನ ಮಾತಿಗೆ ಮರುಳಾಗಿ ಮಗುವಿನ ತೋಳಿಗೆ ತೊಡಿಸುವ, ಗಾಳಿ ತುಂಬಿದ ಎರಡು ಪಟ್ಟಿಗಳನ್ನೂ ಕೊಂಡೆವು. ಆ ವೇಷದಲ್ಲಿ ನಮ್ಮನ್ನು ಕಂಡು ಮೊಮ್ಮಗಳು, "ತಾತ ಎಲ್ಲಿ?" ಎಂದು ನಮ್ಮನ್ನೇ ಕೇಳಿದಳು.

ನೀರಿಗಿಳಿಯುವ ಮುನ್ನ ಎಲ್ಲರೂ ಸೋಪು ಹಚ್ಚಿ ಸ್ನಾನ ಮಾಡಬೇಕೆಂಬುದು ಅಲ್ಲಿನ ಕಟ್ಟಳೆ. ಅದು ಬರಿಯ ಮಡಿಯಲ್ಲ. ಮೈಯ ಬೆವರು ಎಣ್ಣೆಗಳು ನೀರಿನ ಕ್ಲೋರಿನ್ನಿನೊಡನೆ ಕೂಡಿದಾಗ ಹುಟ್ಟುವ ಬೇರೊಂದು ವಸ್ತುವೇ ಕಣ್ಣುರಿಯನ್ನೂ ಆ ಘಾಟು ವಾಸನೆಯನ್ನೂ ಉಂಟುಮಾಡುವುದಂತೆ. ವಾಸನೆ ಹೆಚ್ಚಾದಷ್ಟೂ ನೀರು ಶುದ್ಧವೆಂದು ನಾವು ತಿಳಿದಿದ್ದೆವು. ವಾಸ್ತವವು ಅದಕ್ಕೆ ವಿರುದ್ಧವಾಗಿದೆ. ಹೊಟ್ಟೆ ಕೆಟ್ಟಿರುವ ಮಗುವನ್ನು ಕರೆತರಲೇ ಕೂಡದು. ಏಕೆಂದರೆ ಭೇದಿಯನ್ನುಂಟುಮಾಡುವ ಕ್ರಿಮಿಗಳಲ್ಲಿ ಕೆಲವು ಕ್ಲೋರಿನ್ನಿಗೂ ಬೇಗನೆ ಬಗ್ಗುವುದಿಲ್ಲ.

ಮಕ್ಕಳ ಕೊಳದ ಆಳ ಎರಡಡಿ. ನೀರು ನಮ್ಮ ಮೊಣಕಾಲಿನಿಂದ ನಾಲ್ಕು ಬೆರಳು ಮೇಲೆ, ಅವಳ ಎದೆಯವರೆಗೆ. ಮೊದಲನೆಯ ದಿನ ಸೊಸೆಯೂ ರಜೆ ಹಾಕಿ ಜೊತೆಗೆ ಬಂದಿದ್ದಳು. ಮನೆಯಲ್ಲಿ ಬಕೀಟನ್ನು ಬಿಡದ ಹುಡುಗಿಯು ಅಲ್ಲಿ ಆ ನೀಲಿಯಾದ ನೀರನ್ನು ನೋಡಿ ನಮ್ಮ ಕುತ್ತಿಗೆಯನ್ನು ಅಪ್ಪಿಕೊಂಡು ಬಿಡಲೊಲ್ಲಳು. ಕಲಿಸುವಾಕೆ ಇಪ್ಪತ್ತೈದರ ತರುಣಿ. ಆಕೆ ಮಗುವನ್ನು ಮುಟ್ಟಲೇ ಇಲ್ಲ. "ಸಾರ್, ನೀವು ಮೆಟ್ಟಿಲ ಮೇಲೆ ಕೂತ್ಕೊಳ್ಳಿ. ಪಾಪು ನೀರನ್ನ ನೋಡ್ತಾ ಇಲ್ಲ, ನಿಮ್ಮ ಮುಖಾನ ನೋಡ್ತಾ ಇದೆ. ನೀವು ಹೆದರಿದ್ದೀರಿ" ಎಂದಳು. ಮೂವತ್ತನಾಲ್ಕು ವರ್ಷ ಪಾಠ ಹೇಳಿದವರಿಗೆ ಅದು ಹೊಸ ಪಾಠವಾಯಿತು. ಆ ದಿನ ಇಪ್ಪತ್ತು ನಿಮಿಷಗಳ ಕಾಲ ನಾವಿಬ್ಬರೂ ಮೆಟ್ಟಿಲ ಮೇಲೆ ಕುಳಿತು ಚೊಂಬಿನಿಂದ ಕಾಲ ಮೇಲೆ ನೀರು ಹುಯ್ದುಕೊಂಡುದು ಬಿಟ್ಟರೆ ಬೇರೇನೂ ಆಗಲಿಲ್ಲ.

ತೋಳಿನ ಪಟ್ಟಿಗಳನ್ನು ಆಕೆ ಕಳಚಿಸಿದಳು. ಅವು ಆಟದ ಸಾಮಾನೇ ಹೊರತು ರಕ್ಷೆಯಲ್ಲ. ಜಾರಬಹುದು, ಗಾಳಿ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ನೀರು ತನ್ನನ್ನು ಎತ್ತಿ ನಿಲ್ಲಿಸುತ್ತದೆಂಬ ಸುಳ್ಳು ನಂಬಿಕೆಯನ್ನು ಮಗುವಿಗೂ, ಕಾವಲಿರುವವರಿಗೆ ಸುಳ್ಳು ಧೈರ್ಯವನ್ನೂ ಕೊಡುತ್ತವೆ. ಕಂಕುಳಲ್ಲಿ ಕೈಯಿಟ್ಟು ಎದುರುಬದುರಾಗಿ ಹಿಡಿಯಬೇಕು. ನಮ್ಮ ಗಲ್ಲವೂ ನೀರಿನ ಮಟ್ಟಕ್ಕೆ ಇಳಿಯಬೇಕು. ಮಗುವಿನ ತಲೆಯನ್ನು ನಮ್ಮ ಭುಜಕ್ಕೆ ಆನಿಸಿ ಅಂಗಾತ ತೇಲಿಸಬೇಕು. ಮೂರನೆಯ ದಿನ ಅವಳು ನೀರಿನಲ್ಲಿ ಬಾಯಿಟ್ಟು ಗುಳುಗುಳು ಎಂದು ಗುಳ್ಳೆ ಬಿಟ್ಟಳು. ಐದನೆಯ ದಿನ ಕಾಲು ಬಡಿದಳು. ತುಟಿ ನೀಲಿಯಾಗುವ ಮೊದಲೇ, ಅರ್ಧ ಗಂಟೆಯೊಳಗೆ, ಹೊರಗೆ ತಂದು ಒರಸಬೇಕಾಗಿತ್ತು. ಚಿಕ್ಕ ಮೈಯಿಂದ ಶಾಖವು ದೊಡ್ಡವರಿಗಿಂತ ಬೇಗ ಹೊರಟುಹೋಗುತ್ತದೆ. ಎರಡನೆಯ ವಾರದ ಹೊತ್ತಿಗೆ ಅವಳ ಅಂಜಿಕೆಯು ಹೋಗಿತ್ತು. ನಮ್ಮ ಅಂಜಿಕೆಯೂ ಹೋಗಿತ್ತು. ಅದರ ಜೊತೆಗೆ ನಮ್ಮ ಎಚ್ಚರಿಕೆಯೂ ಸ್ವಲ್ಪ ಹೋಗಿದ್ದಿತೆಂಬುದು ನಮಗೆ ಆಗ ತಿಳಿಯಲಿಲ್ಲ.

ಅದು ಒಂದು ಶನಿವಾರ. ಮೊಮ್ಮಗಳು ಕೆಳಗಿನ ಮೆಟ್ಟಿಲಿನ ಮೇಲೆ ಕಂಬಿಯನ್ನು ಹಿಡಿದು ನಿಂತು ಚೊಂಬಿನಿಂದ ನೀರಾಡುತ್ತಿದ್ದಳು. ನಾವು ಪಕ್ಕದಲ್ಲಿಯೇ ಇದ್ದೆವು. ಆಗ ಕಟ್ಟೆಯ ಮೇಲಿನಿಂದ, "ನಮಸ್ಕಾರ ಸಾರ್, ಗುರುತು ಸಿಕ್ಕಿತೆ?" ಎಂಬ ಧ್ವನಿ ಬಂದಿತು. ತಿರುಗಿ ನೋಡಿದರೆ ನಮ್ಮ ಹಳೆಯ ವಿದ್ಯಾರ್ಥಿ. ಈಗ ಬ್ಯಾಂಕಿನಲ್ಲಿ ಅಧಿಕಾರಿಯಂತೆ. ಕಾಲಿಗೆ ಬೀಳಬೇಕೆಂದರೆ ಕಾಲು ನೀರಿನಲ್ಲಿದೆಯಲ್ಲಾ ಎಂದು ನಕ್ಕನು. ನಾವೂ ನಕ್ಕೆವು. ತಾನು ಹತ್ತನೆಯ ತರಗತಿಯಲ್ಲಿ ಸಂಸ್ಕೃತಕ್ಕೆ ತೊಂಬತ್ತೆಂಟು ಅಂಕ ತೆಗೆದುದು ನಮ್ಮಿಂದಲೇ ಎಂದನು. ನಿಜವನ್ನು ಹೇಳಬೇಕಾದರೆ, ಆ ಮಾತು ನಮಗೆ ಬಹಳ ಹಿತವಾಯಿತು. ಯಾವ ವರ್ಷದ ತಂಡವೆಂದು ಕೇಳಿದೆವು. ಅಷ್ಟೇ.

ಒಂದು ಕೂಗಿಲ್ಲ, ನೀರು ಚಿಮ್ಮಿದ ಸದ್ದಿಲ್ಲ. ಚೊಂಬಿನ ಸದ್ದು ನಿಂತುಹೋದುದೇ ನಮ್ಮ ಕಿವಿಗೆ ಬಿದ್ದುದು. ತಿರುಗಿದಾಗ ಮೆಟ್ಟಿಲು ಬರಿದಾಗಿದ್ದಿತು. ಒಂದು ಮೊಳ ಆಚೆಗೆ, ನೀರಿನ ಕೆಳಗೆ, ಅವಳ ಮುಖವು ಮೇಲ್ಮೊಗವಾಗಿತ್ತು, ಕಣ್ಣುಗಳು ತೆರೆದಿದ್ದುವು, ಅವು ನಮ್ಮನ್ನೇ ನೋಡುತ್ತಿದ್ದುವು. ಎರಡಡಿ ನೀರಿನಲ್ಲಿ ಎದ್ದು ನಿಲ್ಲಬಹುದಾಗಿದ್ದ ಮಗು ಎದ್ದು ನಿಲ್ಲಲಿಲ್ಲ. ಬಾಚಿ ಎತ್ತಿದೆವು. ನಾಲ್ಕು ಕ್ಷಣಗಳೋ ಐದೋ ಆಗಿರಬಹುದು. ಎತ್ತಿದ ಮೇಲೂ ಒಂದು ಕ್ಷಣ ಅವಳು ಸುಮ್ಮನಿದ್ದಳು. ಆ ಒಂದು ಕ್ಷಣದಲ್ಲಿ ನಮಗೆ ಕಂಡುದು ಹಾಜರಿ ಪುಸ್ತಕದ ಕೆಂಪು ಗೆರೆ. ಬಳಿಕ ಕೆಮ್ಮಿದಳು, ನೀರು ಕಕ್ಕಿದಳು, ಗಟ್ಟಿಯಾಗಿ ಅತ್ತಳು. ಮಗುವಿನ ಅಳುವನ್ನು ಕೇಳಿ ಅಷ್ಟು ಸಂತೋಷಪಟ್ಟುದು, ಅವಳು ಹುಟ್ಟಿದ ದಿನವನ್ನು ಬಿಟ್ಟರೆ, ಅದೇ ಮೊದಲು.

ಕಾವಲಿನವನೂ ಕಲಿಸುವಾಕೆಯೂ ಓಡಿಬಂದರು. ಆಕೆ ಮಗುವಿನ ಉಸಿರಾಟವನ್ನು ನೋಡಿ, ಟವಲಿನಲ್ಲಿ ಸುತ್ತಿ ಕೊಟ್ಟು, "ಗಾಬರಿ ಇಲ್ಲ ಸಾರ್. ಆದರೆ ಇದರ ತಾಯಿಗೆ ಈಗಲೇ ತಿಳಿಸಿ" ಎಂದಳು. ಆಟೋದಲ್ಲಿ ಬರುವಾಗ ಮೊಮ್ಮಗಳು ನಮ್ಮ ಎದೆಗೊರಗಿ, "ತಾತ, ಕಣ್ಣಿಗೆ ನೀರು ಬಂತು" ಎಂದಳು. ಅಷ್ಟೇ ಅವಳ ದೂರು. ಇದಕ್ಕಿಂತ ಹೆಚ್ಚಾಗಿ ಅವಳು ಯಾರಿಗೂ ಹೇಳಲಾರಳು. ಈಗ ಬರೆಯುವುದು ನಾಚಿಕೆಯ ಸಂಗತಿ: ನಾವೂ ಹೇಳದಿದ್ದರೆ ಏನಾದೀತೆಂಬ ಯೋಚನೆಯು ದಾರಿಯುದ್ದಕ್ಕೂ ನಮ್ಮ ಮನಸ್ಸಿನಲ್ಲಿ ಸುಳಿಯಿತು. ತಪ್ಪನ್ನು ಮುಚ್ಚಿಟ್ಟ ಎಷ್ಟು ಹುಡುಗರನ್ನು ನಾವು ಬೆಂಚಿನ ಮೇಲೆ ನಿಲ್ಲಿಸಿದ್ದೆವು! ಮನೆಯ ಬಾಗಿಲಿನಲ್ಲಿ ನಮ್ಮ ಮನೆಯವರು ನಮ್ಮ ಕೈ ನಡುಗುವುದನ್ನು ಕಂಡು, ವಿಷಯವನ್ನು ಕೇಳಿ ತಿಳಿದು, ಒಂದು ಮಾತನ್ನೂ ಆಡದೆ ಟೆಲಿಫೋನನ್ನು ತಂದು ಕೈಗೆ ಕೊಟ್ಟರು.

ಸೊಸೆಯು ಮೂರು ಪ್ರಶ್ನೆಗಳನ್ನು ಮಾತ್ರ ಕೇಳಿದಳು: ಎಷ್ಟು ಹೊತ್ತು ಮುಳುಗಿದ್ದಿತು, ಎಚ್ಚರ ತಪ್ಪಿತ್ತೆ, ಈಗ ಕೆಮ್ಮು ಇದೆಯೆ. ಬಿಡದೆ ಕೆಮ್ಮಿದರೆ, ಉಸಿರಾಟ ಕಷ್ಟವಾದರೆ, ವಾಂತಿಯಾದರೆ ಅಥವಾ ಎಂದಿನಂತಿಲ್ಲದೆ ಮಂಕಾಗಿ ತೂಕಡಿಸಿದರೆ ಒಡನೆಯೇ ಆಸ್ಪತ್ರೆಗೆ ಕರೆತರಬೇಕೆಂದು ತಿಳಿಸಿದಳು. ಹಾಗೇನೂ ಆಗಲಿಲ್ಲ. ಮೂರು ಗಂಟೆಗೆ ಆಕೆ ಬಂದವಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಸಂಜೆಯವರೆಗೆ ನಮ್ಮೊಡನೆ ಮಾತನಾಡಲಿಲ್ಲ. ಆಕೆ ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು. ರಾತ್ರಿ ಊಟವಾದ ಮೇಲೆ ನಾವು ಜಗಲಿಯಲ್ಲಿ ಕುಳಿತಿದ್ದಾಗ ಬಂದು, "ಮಾವ, ನನಗೆ ಬಹಳ ಸಿಟ್ಟು ಬಂದಿತ್ತು. ಆದರೆ ನೀವು ಮುಚ್ಚಿಡಲಿಲ್ಲ. ವಾರ್ಡಿಗೆ ಬರೋವರಲ್ಲಿ ಎಷ್ಟೋ ಜನ ಮುಚ್ಚಿಡ್ತಾರೆ, ಅದರಿಂದ ಮಗೂಗೆ ಕಷ್ಟವಾಗುತ್ತೆ. ನಾಳೆ ಭಾನುವಾರ, ನಾನೂ ಬರ್ತೀನಿ. ನೀವೇ ಅವಳ ಕೈಹಿಡಿದು ಇಳಿಸಬೇಕು" ಎಂದಳು.

ನಾವು ಇನ್ನು ನೀರಿನ ಗೊಡವೆಯೇ ಬೇಡವೆಂದೆವು. ಆಗ ಆಕೆ, ಬೆಂಗಳೂರಿನ ನಿಶಾ ಮಿಲೆಟ್ ಎಂಬಾಕೆಯು ಐದು ವರ್ಷದ ಹುಡುಗಿಯಾಗಿದ್ದಾಗ ಮುಳುಗಿಹೋಗುವುದರಿಂದ ಪಾರಾದವಳೆಂದೂ, ತಂದೆಯು ಅವಳನ್ನು ನೀರಿನಿಂದ ದೂರವಿಡದೆ ಈಜು ಕಲಿಸಿದುದರಿಂದ ೨೦೦೦ದಲ್ಲಿ ಸಿಡ್ನಿಯ ಒಲಿಂಪಿಕ್ ಪಂದ್ಯಗಳವರೆಗೆ ಹೋದಳೆಂದೂ ಹೇಳಿದಳು. "ನಮ್ಮ ಪುಟ್ಟಿ ಅಷ್ಟು ದೂರ ಹೋಗಬೇಕಾಗಿಲ್ಲ ಮಾವ. ನಾಲೆಗೆ ಬಿದ್ದರೆ ದಡಕ್ಕೆ ಬಂದರೆ ಸಾಕು." ನಾಲೆಯ ವಿಷಯವನ್ನು ಆಕೆಗೆ ಹೇಳಿದವರು ಯಾರೆಂದು ಕೇಳುವ ಆವಶ್ಯಕತೆಯಿರಲಿಲ್ಲ, ಒಳಗೆ ಪಾತ್ರೆಗಳ ಸದ್ದು ನಿಂತಿದ್ದಿತು.

ಮರುದಿನ ಹೋದೆವು. ಮೊಮ್ಮಗಳು ಮೆಟ್ಟಿಲಿನ ಬಳಿ ನಿಂತು ನೀರನ್ನು ನೋಡಿದಳು, ನಮ್ಮ ಮುಖವನ್ನು ನೋಡಿದಳು. ತರುಣಿಯು ಹೇಳಿದ್ದ ಮಾತನ್ನು ನೆನೆದು ನಾವು ಮುಖವನ್ನು ಪ್ರಯತ್ನಪಟ್ಟು ನೆಟ್ಟಗೆ ಇಟ್ಟುಕೊಂಡೆವು. ಅವಳು ನಮ್ಮ ಎರಡು ಬೆರಳುಗಳನ್ನು ಹಿಡಿದು ಒಂದು ಮೆಟ್ಟಿಲು ಇಳಿದಳು. ಅಂದು ಅಷ್ಟೇ ಸಾಕಾಯಿತು.

ಅಂದಿನಿಂದ ನಾವು ಕೆಲವು ಕಟ್ಟುಪಾಡುಗಳನ್ನು ಮಾಡಿಕೊಂಡಿದ್ದೇವೆ. ಗೃಹಸ್ಥರು ಇವನ್ನು ಗಮನಿಸಬಹುದು. ಮಗು ನೀರಿನಲ್ಲಿರುವಷ್ಟು ಹೊತ್ತೂ ಕಾವಲಿನವರು ಕೈಗೆಟಕುವಷ್ಟು ಸಮೀಪದಲ್ಲಿರಬೇಕು. ಹತ್ತಿರದಲ್ಲಿರುವುದು ಬೇರೆ, ನೋಡುತ್ತಿರುವುದು ಬೇರೆ, ಎರಡೂ ಬೇಕು. ನೀರಿನಲ್ಲಿರುವಾಗ ಯಾರಿಗೂ ನಮಸ್ಕಾರವಿಲ್ಲ, ಕುಶಲಪ್ರಶ್ನೆಯಿಲ್ಲ, ಟೆಲಿಫೋನು ಕೈಯಲ್ಲಿರಕೂಡದು. ಮಾತನಾಡಲೇಬೇಕಾಗಿ ಬಂದರೆ ಮೊದಲು ಮಗುವನ್ನು ಎತ್ತಿಕೊಳ್ಳಬೇಕು. ಕೊಳದ ಕಾವಲಿನವನಿದ್ದಾನೆಂದು ಮನೆಯವರು ಮೈಮರೆಯಬಾರದು. ಅವನು ನೂರು ಜನರನ್ನು ನೋಡುವವನು, ನಾವು ಒಬ್ಬಳನ್ನು ನೋಡುವವರು. ಸದ್ದಿಗೆ ಅಂಜಬೇಡಿ, ಮೌನಕ್ಕೆ ಅಂಜಿರಿ. ಇನ್ನು, ಈ ಅಪಾಯಕ್ಕೆ ಕೊಳವೇ ಬೇಕೆಂಬುದಿಲ್ಲ. ಎಳೆಯ ಮಕ್ಕಳಿಗೆ ಮೈಯ ಅಳತೆಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ಬಕೀಟಿಗೆ ಬಗ್ಗಿ ತಲೆಕೆಳಗಾಗಿ ಬಿದ್ದರೆ ಅವು ಹೊರಗೆ ಬರಲಾರವು, ಒಂದು ಗೇಣು ನೀರೂ ಸಾಕು. ಈಗ ನಮ್ಮ ಮನೆಯಲ್ಲಿ ಸ್ನಾನವಾದೊಡನೆ ಬಕೀಟನ್ನು ಬರಿದು ಮಾಡಿ ಬೋರಲು ಹಾಕುತ್ತಾರೆ. ಸಂಪಿನ ಮುಚ್ಚಳಕ್ಕೆ ಬೀಗವಿದೆ. ಸ್ನಾನದ ಮನೆಯ ಬಾಗಿಲಿಗೆ ಮೇಲೊಂದು ಚಿಲಕವಿದೆ. ಮೊಮ್ಮಗಳಿಗೆ ಇದರಿಂದ ಅಸಮಾಧಾನವಾಗಿದೆ. ದಿನವೂ ಅರ್ಧ ಗಂಟೆ ನಾವು ಎದುರಿಗೆ ಕುಳಿತು, ಅವಳು ಮೊಗೆದು ಸುರಿಯುವುದನ್ನು ನೋಡುವುದೆಂದು ರಾಜಿಯಾಗಿದೆ.

ಕೊನೆಯದಾಗಿ ಇನ್ನೊಂದು ಸಂಗತಿ. ಅದೇ ಕೊಳದಲ್ಲಿ ಬೆಳಿಗ್ಗೆ ಆರು ಗಂಟೆಗೆ ಹಿರಿಯರಿಗೆ ಪಾಠ ನಡೆಯುತ್ತದೆ. ವೈದ್ಯರಿಂದ ಕಾಗದ ಪಡೆದು ನಾವೂ ಸೇರಿದ್ದೇವೆ. ಕಲಿಸುವಾಕೆ ಅದೇ ತರುಣಿ. ಸದ್ಯಕ್ಕೆ ನಾವು ಕಟ್ಟೆಯನ್ನು ಹಿಡಿದು ಕಾಲು ಬಡಿಯುವ ತರಗತಿಯಲ್ಲಿದ್ದೇವೆ. ನೀರಿನಲ್ಲಿ ಮುಖವಿಟ್ಟು ಗುಳ್ಳೆ ಬಿಡುವುದರಲ್ಲಿ ಮೊಮ್ಮಗಳಿಗಿಂತ ಹಿಂದೆ ಇದ್ದೇವೆ. ಮೊನ್ನೆ ಆಕೆ ಹಾಜರಿ ಕರೆದಾಗ ನಮ್ಮ ಹೆಸರು ಬಂದಿತು. ಗಂಟಲು ಸ್ವಲ್ಪ ಕಟ್ಟಿದಂತಾಯಿತಾದರೂ, "ಇದ್ದೇನಮ್ಮಾ" ಎಂದು ಗಟ್ಟಿಯಾಗಿಯೇ ಹೇಳಿದೆವು.